ಉಪ್ಪುನೀರಿಗೆ ಮರಳಿದ ಬಸವನಹುಳು

ಅನ್ಯಾಯ ಎಲ್ಲಿ ಕಂಡರೂ ಅದನ್ನು ಹೆಸರು ಹಿಡಿದು ಹೇಳಬೇಕೆಂಬುದು ನನ್ನ ವ್ರತ. ಬಸ್ಸಿನಲ್ಲಿ, ಮದುವೆಯ ಪಂಕ್ತಿಯಲ್ಲಿ, ಉಪಾಧ್ಯಾಯರ ಕೋಣೆಯಲ್ಲಿ ಈ ವ್ರತವನ್ನು ತಪ್ಪದೆ ಪಾಲಿಸಿದ್ದೇನೆ. ಆದಕಾರಣ ಪಂಕ್ತಿಯಲ್ಲಿ ನನ್ನ ಎಡಬಲದ ಎಲೆಗಳ ಮುಂದೆ ಸಾಮಾನ್ಯವಾಗಿ ಯಾರೂ ಕೂರುವುದಿಲ್ಲ. ಇಂಥವನಿಗೆ ಕಲ್ಲಾದ ಬಸವನಹುಳುಗಳ ಹುಚ್ಚು ಹೇಗೆ ಹಿಡಿಯಿತೆಂದು ಕೇಳುವವರುಂಟು. ಅದೂ ನನ್ನ ಹೋರಾಟದ ಭಾಗವೇ. ನಮ್ಮ ಜಿಲ್ಲೆ ಇನ್ನೂ ಮದರಾಸಿಗೆ ಸೇರಿದ್ದ ಕಾಲದಲ್ಲಿ, ಶಿಕ್ಷಕರ ತರಬೇತಿಗೆಂದು ತಿರುಚಿನಾಪಳ್ಳಿಯ ಕಡೆ ಹೋಗಿದ್ದೆ. ಕಡಲಿನಿಂದ ಎಷ್ಟೋ ದೂರದ ಒಂದು ಸುಣ್ಣಕಲ್ಲಿನ ಗಣಿಯಲ್ಲಿ ನೆಲದ ತುಂಬ ಕಡಲ ಬಸವನಹುಳುಗಳ ಚಿಪ್ಪುಗಳು ಕಲ್ಲಾಗಿ ಬಿದ್ದಿದ್ದವು. ಲೋಕ ಮೊದಲಿನಿಂದಲೂ ಹೀಗೆಯೇ ಇದೆ, ಇನ್ನು ಮುಂದೆಯೂ ಹೀಗೆಯೇ ಇರುತ್ತದೆ ಎನ್ನುವವರ ಮುಂದೆ ಇಡಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೆ? ಸಹೋದ್ಯೋಗಿಗಳು ಗುಡಿ ನೋಡಲು ಹೋದಾಗ ನಾನು ಬಿಸಿಲಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಒಂದು ಚೀಲ ತುಂಬಿಸಿದೆ.

ನಮ್ಮೂರು ಬಂಟ್ವಾಳಕ್ಕೆ ಮುಟ್ಟುವಷ್ಟರಲ್ಲಿ ಅರ್ಧ ಪುಡಿಯಾಗಿತ್ತು. ಉಳಿದವುಗಳಲ್ಲಿ ಒಂದನ್ನು ಬಿಟ್ಟು ಎಲ್ಲವೂ ವಿದ್ಯಾರ್ಥಿಗಳ ಕೈಯಿಂದ ಕೈಗೆ ಹೋಗಿ ಕಳೆದುಹೋದವು. ನಮ್ಮ ಮುರಕಲ್ಲಿನ ಗುಡ್ಡಗಳಲ್ಲಿ ಎಷ್ಟು ಅಗೆದರೂ ಅಂಥದೊಂದು ಸಿಗಲಿಲ್ಲ. ಹಾಗಾಗಿ ಸುಲಿದ ತೆಂಗಿನಕಾಯಿಯಷ್ಟು ದೊಡ್ಡದಾದ, ಮುರಿಯದೆ ಉಳಿದ ಒಂದೇ ಒಂದು ಚಿಪ್ಪು ನನ್ನ ಸರ್ವಸ್ವವಾಯಿತು. ಅದರ ಸುರುಳಿಗಳಲ್ಲಿ ಗಟ್ಟಿ ಜೇಡಿ ಕಚ್ಚಿಕೊಂಡಿತ್ತು. ಹಲ್ಲುಜ್ಜುವ ಬ್ರಷ್ಷು, ಗೋಣಿ ಹೊಲಿಯುವ ಸೂಜಿ, ಎಲ್ಲವನ್ನೂ ಹಿಡಿದು ಒಂದು ವರ್ಷ ಕೆರೆದೆ. ಬ್ರಷ್ಷು ಸವೆಯಿತು.

ಆ ವರ್ಷದ ಬೇಸಿಗೆ ರಜೆಯಲ್ಲಿ ಬೆಳ್ತಂಗಡಿಯ ಹಳ್ಳಿಗಳಲ್ಲಿ ಭಾಷಣ ಮಾಡುತ್ತ ತಿರುಗಿ, ಮಳೆ ಹಿಡಿದ ಮೇಲೆ ಮನೆಗೆ ಬಂದೆ. ಮೂಡುಬಿದಿರೆಯಲ್ಲಿ ಶಾಲೆಗಳ ವಿಜ್ಞಾನ ಪ್ರದರ್ಶನಕ್ಕೆ ನಾಲ್ಕು ದಿನವಿತ್ತು. ನಮ್ಮ ಶಾಲೆಯಿಂದ ಆ ಚಿಪ್ಪು ಹೋಗುತ್ತದೆಂದು ಮುಖ್ಯೋಪಾಧ್ಯಾಯರಿಗೆ ಬರೆದುಕೊಟ್ಟಿದ್ದೆ. ಅದನ್ನು ಇಟ್ಟಿದ್ದ ಕಿಟಕಿಯ ದಂಡೆ ನೋಡಿದರೆ ಖಾಲಿ. ಕಪಾಟು, ಮಂಚದಡಿ, ಅಟ್ಟ, ಸೌದೆಯ ಕೊಟ್ಟಿಗೆ, ಮತ್ತೆ ಕಪಾಟು. ಕುಳಿತಲ್ಲಿ ಕೂರಲಾರದೆ ಎರಡು ದಿನ ಮನೆಯನ್ನು ಸುತ್ತಿದೆ. ಬಡವರನ್ನು ಸಂಶಯಿಸುವುದು ಉಳ್ಳವರ ಹೀನ ಚಾಳಿಯೆಂದು ಬೆಳ್ತಂಗಡಿಯಲ್ಲಿ ಆರು ಕಡೆ ಹೇಳಿ ಬಂದವನು, ಮೂರನೆಯ ಬೆಳಿಗ್ಗೆ ಅಂಗಳ ಗುಡಿಸುವ ದೇಯಿಯನ್ನು ಕರೆದು, “ಇಲ್ಲಿದ್ದ ಕಲ್ಲನ್ನು ನೀನೇನಾದರೂ…” ಎಂದು ಕೇಳಿಯೇ ಬಿಟ್ಟೆ.

ಅವಳು ಸೊಂಟಕ್ಕೆ ಕೈಕೊಟ್ಟು ನಿಂತಳು. ಬಸವನಹುಳುವಿಗೆ ಅವಳ ಮಾತಿನಲ್ಲಿ ನರ್ತೆ ಎಂದು ಹೆಸರು. “ಗದ್ದೆಯ ನರ್ತೆ ಆಗಿದ್ರೆ ಒಂದು ಸಾರಾದ್ರೂ ಮಾಡಬಹುದಿತ್ತು. ಕಲ್ಲಿನ ನರ್ತೆ ಕೊಂಡುಹೋಗಿ ನಾನು ಎಂತ ಮಾಡ್ಲಿ, ಧನಿಗಳೇ?”

ನನ್ನನ್ನು ಧನಿಗಳೆಂದು ಕರೆಯಕೂಡದೆಂದು ಅವಳಿಗೆ ಹಿಂದೆಯೇ ಆಜ್ಞೆ ಮಾಡಿದ್ದೆ.

ಒಳಗಿನಿಂದ ನನ್ನ ಹೆಂಡತಿ ಸುಶೀಲೆಯ ಸ್ವರ ಬಂತು: “ಅವಳನ್ನು ಯಾಕೆ ಕೇಳ್ತೀರಿ? ಅದು ಉಪ್ಪುಸೊಳೆಯ ಭರಣಿಯಲ್ಲಿ ಉಂಟು.”

ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟಾಗ ಅದು ಮೇಲೆ ತೇಲದಂತೆ ಒಂದು ಭಾರ ಹೇರುವುದು ನಮ್ಮ ಕಡೆಯ ಪದ್ಧತಿ. ಕೋಟ್ಯಂತರ ವರ್ಷಗಳ ಹಿಂದೆ ಕಡಲನ್ನು ಬಿಟ್ಟ ಜೀವಿಯನ್ನು ಇವಳು ಮತ್ತೆ ಉಪ್ಪುನೀರಿಗೆ ಕಳುಹಿಸಿದ್ದಳು.

“ವಿಜ್ಞಾನಕ್ಕೆ ಇದಕ್ಕಿಂತ ದೊಡ್ಡ ಅಪಚಾರ ಉಂಟೇ?” ಎಂದೆ.

“ಹೊಳೆಯಿಂದ ಒಂದು ಕಲ್ಲು ತನ್ನಿ ಅಂತ ಮೂರು ಸಲ ಹೇಳಿದ್ದೆ. ನೀವು ಬರೀತಾ ಇದ್ರಿ.”

ಬರೆಯುತ್ತಿದ್ದದ್ದು ನಿಜ. ಗೃಹಿಣಿಯರ ದುಡಿಮೆಯನ್ನು ಯಾರೂ ಗಮನಿಸುವುದಿಲ್ಲವೆಂಬ ಭಾಷಣವನ್ನು.

“ಈಗಲೇ ತೆಗೆದುಕೊಡು.”

“ಈ ಮಳೆಗೆ ಭರಣಿ ಬಿಡಿಸಿದ್ರೆ ಸೊಳೆ ಹಾಳಾಗ್ತದೆ. ತರಕಾರಿ ಸಿಗದ ಆಟಿ ತಿಂಗಳಲ್ಲಿ ಊಟಕ್ಕೆ ಎಂತ ಮಾಡುವುದು? ನಿಮ್ಮ ಭಾಷಣ ಬೇಯಿಸುವುದಾ?”

ದೇಯಿ ಪೊರಕೆಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಾನು ಕೊಡೆ ಹಿಡಿದು ನೇತ್ರಾವತಿಯ ದಡಕ್ಕೆ ಇಳಿದು, ಕೆಸರಿನಲ್ಲಿ ಎರಡು ಸಲ ಜಾರಿ, ಒಂದು ನುಣುಪು ಕಲ್ಲು ತಂದೆ. ಅದನ್ನು ಕುದಿಸಿ ಒರಸಿದ ಮೇಲೆಯೇ ಸುಶೀಲೆ ಭರಣಿಯ ಬಾಯಿಯ ಬಟ್ಟೆ ಬಿಚ್ಚಿದಳು. ಚಿಪ್ಪನ್ನು ದಪ್ಪ ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟಿದ್ದಳು. ಗಂಟು ಬಿಚ್ಚಿದರೆ ಜೇಡಿಯೆಲ್ಲ ಬಟ್ಟೆಯಲ್ಲಿ ನಿಂತು, ಒಂದೊಂದು ಸುರುಳಿಯೂ, ಸುರುಳಿಯ ಮೇಲಿನ ಕೂದಲೆಳೆಯಂಥ ಗೆರೆಗಳೂ ಸ್ಪಷ್ಟವಾಗಿ ಎದ್ದು ಕಂಡವು. ಒಂದು ವರ್ಷದ ನನ್ನ ಸೂಜಿಗೆ ಸಿಗದಿದ್ದದ್ದು ಅವಳ ಭರಣಿಯಲ್ಲಿ ಎರಡು ತಿಂಗಳಿಗೆ ಸಿಕ್ಕಿತ್ತು.

ಮೂಡುಬಿದಿರೆಯಲ್ಲಿ ಅದರ ಮುಂದೆಯೇ ಜನ ಹೆಚ್ಚು ನಿಂತರು. ಶಾಲಾ ಇನ್‌ಸ್ಪೆಕ್ಟರರು ಕನ್ನಡಕ ಏರಿಸಿ ನೋಡಿ, “ಇಷ್ಟು ಶುದ್ಧವಾಗಿ ತೊಳೆದದ್ದು ಹೇಗೆ, ಮಾಷ್ಟ್ರೇ?” ಎಂದರು. ನಾನು ಗಂಟಲು ಸರಿಮಾಡಿಕೊಂಡು, “ದೀರ್ಘಕಾಲ ಲವಣಜಲದಲ್ಲಿ ಮುಳುಗಿಸಿಡುವ ಒಂದು ವಿಧಾನವನ್ನು ಅನುಸರಿಸಿದ್ದೇನೆ” ಎಂದೆ. ವ್ಯಾಕರಣದ ದೃಷ್ಟಿಯಿಂದ ವಾಕ್ಯದಲ್ಲಿ ದೋಷವಿರಲಿಲ್ಲ. ಅವರು ಬಹಳ ಮೆಚ್ಚಿ, ಉಪ್ಪಿನ ಪ್ರಮಾಣಸಹಿತ ಆ ವಿಧಾನವನ್ನು ಬರೆದುಕೊಟ್ಟರೆ ಎಲ್ಲ ಶಾಲೆಗಳಿಗೂ ಕಳುಹಿಸುವುದಾಗಿ ಹೇಳಿದರು.

ಲೇಖನವನ್ನು ಅಂದು ಸಂಜೆಯೇ ಬರೆದೆ. ಉಪ್ಪಿನ ಪ್ರಮಾಣದ ಜಾಗ ಮಾತ್ರ ಖಾಲಿ ಉಳಿಯಿತು. ಎದ್ದೆ, ಕುಳಿತೆ, ಜಗಲಿಯ ಉದ್ದ ಅಳೆದೆ. ಮೂರನೆಯ ದಿನ ಅಡಿಗೆಕೋಣೆಯ ಬಾಗಿಲಲ್ಲಿ ನಿಂತು, ಸುಮ್ಮನೆ ಕುತೂಹಲಕ್ಕೆಂಬಂತೆ, ಒಂದು ಭರಣಿಗೆ ಎಷ್ಟು ಉಪ್ಪು ಬೀಳುತ್ತದೆಂದು ಕೇಳಿದೆ.

ಸುಶೀಲೆ ಕೈ ಒರಸಿಕೊಂಡು ಲೇಖನದ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದಳು.

“ಅಳತೆ ಹೇಳ್ತೇನೆ,” ಎಂದಳು. “ಅಡಿಯಲ್ಲಿ ಹೆಸರು ಯಾರದ್ದು ಹಾಕ್ತೀರಿ?”

ಪ್ರಶ್ನೆ ನ್ಯಾಯವಾದದ್ದೆಂದು ನಾನು ಆ ಕ್ಷಣವೇ, ಯಾವ ಹಿಂಜರಿಕೆಯೂ ಇಲ್ಲದೆ ಒಪ್ಪಿಕೊಂಡೆ. ಉತ್ತರಕ್ಕೆ ಮಾತ್ರ ಸ್ವಲ್ಪ ಕಾಲಾವಕಾಶ ಕೇಳಿದ್ದೇನೆ.