ನರ್ಸಮ್ಮನಿಗೆ ಮನೆ ನೋಡಿದ್ದು

ನಮ್ಮ ಕಡೆ ಮನೆ ಮಾರುವವರು, ಕೊಳ್ಳುವವರು ಇರುವ ತನಕ ನನಗೆ ಬಿ.ಪಿ. ಮಾತ್ರೆ ತಪ್ಪುವುದಿಲ್ಲ ಅಂತ ನನ್ನ ಹೆಂಡತಿ ಹೇಳುತ್ತಾಳೆ. ನಿಜ. ನಾನು ಸಿವಿಲ್ ಡಿಪ್ಲೊಮಾ ಮಾಡಿ, ಕಂಟ್ರಾಕ್ಟರುಗಳ ಹತ್ತಿರ ಬಿಸಿಲಲ್ಲಿ ನಿಂತು ತಲೆ ನರೆಸಿಕೊಂಡವನು. ಈಗ ಕೊಳ್ಳುವ ಮುಂಚೆ ಮನೆ ಗಟ್ಟಿಯಾ ಪೊಳ್ಳಾ ಅಂತ ನೋಡಿ ಹೇಳುವುದು ನನ್ನ ಕೆಲಸ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಎಲ್ಲಿ ಕರೆದರೂ ಹೋಗುತ್ತೇನೆ. ಹೋದಲ್ಲೆಲ್ಲ ಜಗಳ ಆಡಿಕೊಂಡು ಬರುತ್ತೇನೆ.

ಆಡದೆ ಏನು ಮಾಡಲಿ? ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ನಮ್ಮ ಜನ ತೊಟ್ಟು ಹಿಡಿದು ತಿರುಗಿಸಿ ತೂತು ಹುಡುಕುತ್ತಾರೆ. ತೆಂಗಿನಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸುತ್ತಾರೆ. ಮನೆ ಕೊಳ್ಳುವಾಗ ಮಾತ್ರ ಬಾಗಿಲಲ್ಲಿ ನಿಂತು, "ಟೈಲ್ಸು ಚೆನ್ನಾಗೈತೆ" ಅಂದು ಅಡ್ವಾನ್ಸ್ ಕೊಟ್ಟು ಬರುತ್ತಾರೆ. ಆಮೇಲೆ ನನ್ನನ್ನು ಕರೆಯುತ್ತಾರೆ. ನಾನು ಬಿರುಕು ತೋರಿಸಿದರೆ, ಅದನ್ನು ನಾನೇ ಬಿಡಿಸಿದೆನೇನೋ ಅನ್ನುವ ಹಾಗೆ ಗುರಾಯಿಸುತ್ತಾರೆ.

ಅಡ್ವಾನ್ಸ್ ಕೊಡುವ ಮುಂಚೆ ನನ್ನ ಹತ್ತಿರ ಬಂದವರು ನನಗೆ ನೆನಪಿರುವಂತೆ ಒಬ್ಬರೇ. ಮಧುಗಿರಿ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯೊಂದರ ನರ್ಸಮ್ಮ. ಮದುವೆಯಾಗದವರು, ಕೆಲಸಕ್ಕೆ ಸೇರಿದಾಗಿನಿಂದ ಕ್ವಾರ್ಟ್ರಸ್ಸಿನಲ್ಲೇ ಬದುಕಿದವರು. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಡಾಕ್ಟರನ್ನು ಕೇಳಬೇಕು. ಇನ್ನೇನು ರಿಟೈರ್ ಆಗುತ್ತಾರೆ, ಕ್ವಾರ್ಟ್ರಸ್ಸು ಬಿಡಬೇಕು. ತಾವರೆಕೆರೆಯಲ್ಲಿ ಅಣ್ಣ ಇದ್ದಾರೆ. ಅವರದು ಒಂದೇ ಹಟ: "ನೀನೊಬ್ಳೇ ಇದ್ದು ಏನ್ ಮಾಡ್ತೀಯ? ನಮ್ಮನೆಗೆ ಬಂದ್ಬುಡು. ನಿಮ್ಮತ್ತಿಗೆಗೂ ಮಂಡಿನೋವು, ಅಡಿಗೆಗೆ ಒಂದು ಕೈ ಆಗ್ತದೆ."

ನರ್ಸಮ್ಮ ನನಗೆ ಹೇಳಿದ್ದು ಇಷ್ಟು: "ಸಾರ್, ಊರೋರ ಬಾಣಂತನ ಎಲ್ಲಾ ಮಾಡಿ ಮುಗ್ಸಿದೀನಿ. ಇನ್ನು ಅಣ್ಣನ ಮನೆ ಸೌಟು ಹಿಡಿಯಕ್ಕೆ ನನ್ ಕೈಲಾಗಲ್ಲ. ಚಿಕ್ಕದಾದ್ರೂ ಸರಿ, ಗಟ್ಟಿ ಮನೆ ಒಂದು ನೋಡ್ಕೊಡಿ."

ನೋಡೋಣ ಬನ್ನಿ ಅಂದೆ. ಅಣ್ಣನೂ ಜೊತೆಗೆ ಹೊರಟರು, ಮೊಬೈಲಿನಲ್ಲಿ ದಿಕ್ಕು ತೋರಿಸುವ ಆ್ಯಪ್ ಹಾಕಿಸಿಕೊಂಡು.

ಓರೆ ಸಾಲಿನ ದೇವರುಗಳು

ಮೊದಲು ನೋಡಿದ್ದು ಮಧುಗಿರಿಯಲ್ಲಿ, ಬೆಟ್ಟದ ಬುಡದ ಒಂದು ಬೀದಿಯಲ್ಲಿ. ಮನೆಗೆ ಹೊಸ ಬಣ್ಣ. ಮಾರುವ ಮನೆಗೆ ಹೊಸ ಬಣ್ಣ ಕಂಡರೆ ನನಗೆ ಮೈ ಉರಿಯುತ್ತದೆ. ತಾವಿದ್ದಷ್ಟು ವರ್ಷ ಹೊಡೆಸದ ಬಣ್ಣವನ್ನು ಹೋಗುವಾಗ ಬೇರೆಯವರಿಗೋಸ್ಕರ ಹೊಡೆಸುವ ಪುಣ್ಯಾತ್ಮ ಯಾರು ಸ್ವಾಮಿ?

ನಡುಮನೆಗೆ ಕಾಲಿಟ್ಟರೆ ಗೋಡೆ ಮೇಲೆ ದೇವರ ಪಟಗಳು. ಸಾಲಾಗಿಯೇ ಇದ್ದವು, ಆದರೆ ನೆಟ್ಟಗಿನ ಸಾಲಲ್ಲ. ಸೂರಿನ ಮೂಲೆಯಲ್ಲಿ ಗಣಪತಿ, ಅವನ ಕೆಳಗೆ ಸ್ವಲ್ಪ ಬಲಕ್ಕೆ ಶಿವಪಾರ್ವತಿ, ಇನ್ನೂ ಕೆಳಗೆ ಇನ್ನೂ ಬಲಕ್ಕೆ ವೆಂಕಟರಮಣ, ಕೊನೆಗೆ ಕಿಟಕಿಯ ಮೂಲೆಗೆ ಅಂಟಿಕೊಂಡು ಆಂಜನೇಯ.

"ಎಂಥಾ ಭಕ್ತಿವಂತರು ನೋಡು ಕಣಮ್ಮ" ಅಂದರು ಅಣ್ಣ.

"ಆ ಆಂಜನೇಯನ ಪಟ ಒಂಚೂರು ತೆಗೀರಿ" ಅಂದೆ ನಾನು.

ಮನೆಯವನು ಕೇಳಿದ, "ಊಟ ಆಗೈತಾ ಸಾರ್?"

"ಆಗಿದೆ."

"ಉಂಡೋರು ಮುಟ್ಟಂಗಿಲ್ಲ ಸಾರ್."

"ಹಾಗಾದ್ರೆ ನೀವೇ ತೆಗೀರಿ."

"ನಾನೂ ಉಂಡಿದೀನಿ."

"ನಂದು ಇವತ್ತು ಸೋಮವಾರದ ಉಪವಾಸ" ಅಂದ ನರ್ಸಮ್ಮ, ಕಣ್ಣಿಗೆ ಒತ್ತಿಕೊಂಡು ಪಟ ತೆಗೆದೇಬಿಟ್ಟರು. ಹಿಂದೆ ಬೆರಳು ತೂರುವಷ್ಟು ಬಿರುಕು. ಒಳಗಿನಿಂದ ಒಂದು ಹಲ್ಲಿ ತಲೆ ಹೊರಗೆ ಹಾಕಿ ನಮ್ಮನ್ನು ನೋಡಿತು. ಮಿಕ್ಕ ಪಟಗಳನ್ನು ತೆಗೆಸುವ ಅಗತ್ಯ ಬೀಳಲಿಲ್ಲ; ಆ ಬಿರುಕು ಸೂರಿನಿಂದ ಕಿಟಕಿಯ ತನಕ ಯಾವ ದಾರಿಯಲ್ಲಿ ಬಂದಿದೆ ಅಂತ ದೇವರುಗಳೇ ತೋರಿಸುತ್ತಿದ್ದರು. ಪಾಯ ಕುಸಿದಿತ್ತು.

"ಏನ್ರೀ ಇದು! ಒಬ್ಬ ಹೆಣ್ಣುಮಗಳು ಕೂಡಿಟ್ಟಿದ್ದೆಲ್ಲ ತಂದು ನಿಮ್ಮ ಕೈಗೆ ಹಾಕೋಕೆ ಬಂದ್ರೆ ಹೀಗಾ ಮಾಡೋದು?" ಅಂತ ಕೂಗಾಡಿದೆ.

ಅವನು ಸ್ವಲ್ಪವೂ ಅಳುಕಲಿಲ್ಲ. ಗೋಡೆಗೆ ಕೈಮುಗಿದು ಹೇಳಿದ, "ಇಷ್ಟು ಜನ ದೇವ್ರು ಹಿಡ್ಕಂಡವ್ರೆ, ಗೋಡೆ ಎಲ್ಲಿಗೆ ಬೀಳ್ತದೆ ಸಾರ್?"

ಮೆಟ್ಟಿಲಿಲ್ಲದ ಮಹಡಿ

ವಾಪಸು ಬರುವಾಗ ಅಣ್ಣನಿಗೆ ಹಿಗ್ಗೋ ಹಿಗ್ಗು. "ಸಾರ್ ಅವ್ರೇ ಬ್ಯಾಡ ಅಂದ್ಮೇಲೆ ಮುಗೀತಲ್ಲ. ನಡಿ ನಮ್ಮನೆಗೆ." ನನ್ನ ಕೆಲಸ ನಾನು ನೆಟ್ಟಗೆ ಮಾಡಿದಷ್ಟೂ ಈ ಮನುಷ್ಯನಿಗೇ ಅನುಕೂಲವಾಗುತ್ತಿದೆಯಲ್ಲ ಅಂತ ದಾರಿಯುದ್ದಕ್ಕೂ ಗೊಣಗಿಕೊಂಡೆ.

ಆದ್ದರಿಂದ ಕೊರಟಗೆರೆಯ ಮನೆಗೆ ಹೋಗುವಾಗ, ದೇವರೇ ಇದಾದರೂ ಚೆನ್ನಾಗಿರಲಿ ಅಂದುಕೊಂಡೇ ಹೋದೆ. ಚೆನ್ನಾಗಿಯೂ ಇತ್ತು. ಗೋಡೆ ಗಟ್ಟಿ, ನೀರಿಗೆ ತೊಂದರೆಯಿಲ್ಲ. ಅಣ್ಣ ಮೊಬೈಲು ಹಿಡಿದು ನಡುಮನೆಯಲ್ಲಿ ಒಂದು ಸುತ್ತು ತಿರುಗಿ, "ಈಶಾನ್ಯ ಖಾಲಿ ಐತೆ, ಭೇಷ್" ಅಂತ ಒಲ್ಲದ ಮನಸ್ಸಿನಿಂದ ಒಪ್ಪಿದರು. ಮಾರುವವರು, "ಮೇಲೆ ಒಂದು ರೂಮೂ ಐತೆ, ಬಾಡಿಗೆಗೆ ಕೊಡಬೋದು" ಅಂದರು.

"ಮೆಟ್ಟಿಲು ಎಲ್ಲಿ?" ಅಂತ ಕೇಳಿದೆ.

"ಇತ್ತು ಸಾರ್. ಈಶಾನ್ಯದಾಗೆ ಮೆಟ್ಲು ಇರಬಾರ್ದು ಅಂತ ವಾಸ್ತು ನೋಡೋರು ಹೇಳಿದ್ರು. ಒಡೆಸ್ಬುಟ್ವಿ."

"ಬೇರೆ ಕಡೆ ಕಟ್ಟಿಸಲಿಲ್ವಾ?"

"ಎಲ್ಲಿ ಸಾರ್? ಆ ಕಡೆ ಬಚ್ಚಲು ಅಡ್ಡ, ಈ ಕಡೆ ದೇವರಮನೆ ಅಡ್ಡ."

"ಮತ್ತೆ ಮೇಲಕ್ಕೆ ಹೆಂಗ್ರೀ ಹೋಗ್ತೀರಿ?"

"ಪಕ್ಕದ್ದು ನಮ್ಮ ತಮ್ಮನ ಮನೆ. ಅವನ ಮೆಟ್ಲು ಹತ್ತಿ, ಅವನ ತಾರಸಿಯಿಂದ ಈ ಕಡೆ ಕಾಲಿಟ್ರೆ ಆಯ್ತು."

"ತಮ್ಮ ಬಿಡ್ತಾರಾ?"

"ಎಲ್ಲಿ ಬುಡ್ತಾನೆ! ಭಾಗ ಆದಾಗಿಂದ ನಮಗೂ ಅವನಿಗೂ ಮಾತಿಲ್ಲ."

ನನಗೆ ಕೋಪದಲ್ಲಿ ತೊದಲು ಬಂತು. ಮೆಟ್ಟಿಲು ಒಡೆಯಲು ಹೇಳಿದ ವಾಸ್ತುವಿನವರನ್ನು ಎಲೆಯಡಿಕೆ, ಹಣ್ಣು ಕೊಟ್ಟು ಕಳಿಸಿರುತ್ತಾರೆ. ಮೆಟ್ಟಿಲು ಎಲ್ಲಿ ಅಂತ ಕೇಳಿದ ನನಗೆ ಒಂದು ಲೋಟ ನೀರೂ ಬರಲಿಲ್ಲ. "ಅಲ್ರೀ, ನಿಮ್ಮದೇ ರೂಮು! ಯಾವತ್ತಾದ್ರೂ ಹೋಗಿದೀರಾ?"

"ಹೋಗ್ದೆ ಏನು ಸಾರ್? ಅವ್ರೆಲ್ಲಾ ಮದುವೆ ಗಿದುವೆಗೆ ಹೋದಾಗ ಮನೇಲಿ ಅವನ ಅತ್ತೆ ಒಬ್ರೇ ಇರ್ತಾರೆ. ಪಾಪ, ಅವರಿಗೆ ಕಿವಿ ಕೇಳ್ಸಲ್ಲ. ಆವಾಗ ಹೋಗಿ ಕಸ ಗುಡಿಸ್ಬರ್ತೀವಿ."

ಗೋಡೆ ಮಾತಾಡಿದ್ದು

ಅಷ್ಟರಲ್ಲಿ ಆಸ್ಪತ್ರೆಗೆ ಹೊಸ ನರ್ಸು ಬರುವುದು ನಿಕ್ಕಿಯಾಯಿತು. ಆ ಹುಡುಗಿ ಬಂದು ಕ್ವಾರ್ಟ್ರಸ್ಸಿನ ಕಿಟಕಿಗಳಿಗೆ ಪರದೆಯ ಅಳತೆ ತೆಗೆದುಕೊಂಡು ಹೋದಳಂತೆ. "ನಾನು ಒಳಗೇ ಕೂತಿದೀನಿ ಸಾರ್, ನನ್ನ ತಲೆ ಮೇಲೇ ಟೇಪು ಹಿಡೀತಾಳೆ" ಅಂತ ನರ್ಸಮ್ಮ ಫೋನಿನಲ್ಲಿ ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ. ಮಾರನೆಯ ದಿನವೇ ಶಿರಾಕ್ಕೆ ಹೊರಟೆವು.

ಶಿರಾದ ಹಳೇ ಪೇಟೆಯಲ್ಲಿ ಸಾಲು ಮನೆ. ನಾನು ಗೋಡೆಗಳನ್ನು ಬೆರಳಗೆಣ್ಣಿನಿಂದ ಕುಟ್ಟಿ ನೋಡುತ್ತೇನೆ; ಗಾರೆ ಪೊಳ್ಳಾಗಿದ್ದರೆ ಸದ್ದಿನಲ್ಲೇ ಗೊತ್ತಾಗುತ್ತದೆ. ಮಲಗುವ ಕೋಣೆಯ ಉದ್ದನೆಯ ಗೋಡೆಯನ್ನು ಟಕಟಕ ಅಂತ ಕುಟ್ಟಿದೆ. ಆ ಕಡೆಯಿಂದ ಯಾರೋ ವಾಪಸು ಟಕಟಕ ಅಂತ ಕುಟ್ಟಿದರು.

ನಾನು ಮತ್ತೆ ಕುಟ್ಟಿದೆ. ಗೋಡೆಯಾಚೆಯಿಂದ ದನಿ ಬಂತು, "ಕೌನ್ ಹೈ?"

ಮಾರುವವನ ಮುಖ ಬೆಳ್ಳಗಾಯಿತು. ಎರಡು ನಿಮಿಷದಲ್ಲಿ ಪಕ್ಕದ ಮನೆಯ ಮುದುಕ ಸಾಹೇಬರು ಟೋಪಿ ಸರಿಮಾಡಿಕೊಳ್ಳುತ್ತ ಬಾಗಿಲಿಗೆ ಬಂದರು. "ಯಾಕೆ ಭಾಯಿ ನಮ್ದು ಗೋಡೆ ಕುಟ್ತೀರಿ?"

"ನಿಮ್ಮದಾ?"

"ಹೌದಲ್ಲಾ! ಇವ್ರ ತಾತ ಮನೆ ಕಟ್ಟೋವಾಗ ನಮ್ ಅಬ್ಬಾನ ಕೇಳಿ ನಮ್ ಗೋಡೆಗೆ ತೊಲೆ ಇಟ್ರು. ದೋಸ್ತಿ ಇತ್ತು, ಬೇಡ ಅನ್ಲಿಲ್ಲ. ಈಗ ನಮ್ ಹುಡುಗ್ರು ಹೊಸಾ ಬಿಲ್ಡಿಂಗ್ ಕಟ್ತಾರೆ. ರಂಜಾನ್ ಆದ್ಮೇಲೆ ಗೋಡೆ ತೆಗೀತೀವಿ ಅಂತ ಇವ್ರಿಗೆ ಆವಾಗ್ಲೇ ಬೋಲ್‌ದಿಯಾ. ಹೇಳಿಲ್ವಾ?"

ಹೇಳಿರಲಿಲ್ಲ. ಅಂದರೆ ನರ್ಸಮ್ಮನಿಗೆ ಮಾರಲು ಹೊರಟಿದ್ದು ಮೂರು ಗೋಡೆಯ ಮನೆ! ನಾನು ಆ ಬೀದಿಯವರೆಲ್ಲ ಹೊರಗೆ ಬರುವ ಹಾಗೆ ಬೈದೆ. ಮನೆ ಕೊಳ್ಳುವ ಮಹಾಜನಗಳೇ, ಗೋಡೆ ಗಟ್ಟಿಯಾ ಅಂತ ಕೇಳುವ ಮೊದಲು ಗೋಡೆ ಯಾರದ್ದು ಅಂತ ಕೇಳಿ.

ಮಾರುವವನು ನನ್ನನ್ನು ಬಿಟ್ಟು ನರ್ಸಮ್ಮನ ಕಡೆ ತಿರುಗಿ ಸಮಾಧಾನ ಹೇಳಿದ, "ಅವ್ರು ಕೂಗಾಡ್ಲಿ ಬುಡಿ ಅಕ್ಕ. ಗೋಡೆ ಹೋದ್ರೆ ಆ ರೂಮ್‌ಗೆ ಒಳ್ಳೆ ಗಾಳಿ ಬತ್ತದೆ."

ತಾನೇ ಹುಳುಕು ಹೇಳಿದ ಅಮ್ಮ

ಇನ್ನು ಉಳಿದಿದ್ದು ಪಾವಗಡ. ಕಿರಾಣಿ ಅಂಗಡಿ ಇಟ್ಟಿದ್ದ ವಯಸ್ಸಾದ ಅಮ್ಮನ ಮನೆ. ಮಗಳ ಊರು ಹಿಂದೂಪುರಕ್ಕೆ ಹೋಗಿ ಅಲ್ಲೇ ಅಂಗಡಿ ಇಡುತ್ತೇನೆ ಅಂತ ಮಾರಲು ಕೂತಿದ್ದರು. ದಪ್ಪ ಕಲ್ಲಿನ ಗೋಡೆ, ಮೇಲೆ ಚಪ್ಪಡಿ. ಬಣ್ಣ ಮಾಸಿಹೋಗಿತ್ತು. ಅದನ್ನು ಕಂಡೇ ನನಗೆ ಅರ್ಧ ನೆಮ್ಮದಿಯಾಯಿತು.

"ದಾಚಿಪೆಟ್ಟೇದಿ ಏಮಿ ಲೇದು ಸಾರ್, ಮುಚ್ಚಿಡೋದೇನೈತೆ?" ಅಂತ ಅಮ್ಮ ತಾವೇ ಕರೆದುಕೊಂಡು ಹೋಗಿ ತೋರಿಸಿದರು. "ಜೋರು ಮಳೆ ಬಂದ್ರೆ ಬಚ್ಚಲ ಮೂಲೇಲಿ ಒಂಚೂರು ಸೋರ್ತದೆ. ಹಿತ್ತಲ ಬಾಗಿಲು ತಳ ಗೆದ್ಲು ತಿಂದೈತೆ, ಬದಲಾಯಿಸ್ಬೇಕು. ಮಿಗಿಲಿಂದಂತಾ ಬಾಗುಂದಿ, ಎಲ್ಲಾ ಚೆನ್ನಾಗೈತೆ."

ನಾನು ಕುಟ್ಟಿದೆ, ಏಣಿ ಹಾಕಿಸಿ ಹತ್ತಿದೆ, ನಲ್ಲಿ ತಿರುಗಿಸಿ ನೀರು ಹರಿಯಲು ಬಿಟ್ಟೆ. ಆ ಅಮ್ಮ ಹೇಳಿದ್ದಕ್ಕಿಂತ ಒಂದು ಕೂದಲೆಳೆಯಷ್ಟೂ ಹೆಚ್ಚು ದೋಷ ಸಿಗಲಿಲ್ಲ. ಇಷ್ಟು ವರ್ಷದಲ್ಲಿ ಇಂಥದ್ದು ನಾನು ನೋಡಿರಲಿಲ್ಲ. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಬೀದಿಗೆ ಬಂದು, "ನರ್ಸಮ್ಮ, ಕಣ್ಣು ಮುಚ್ಚಿ ತಗೊಳ್ಳಿ" ಅಂದೆ.

ಅಣ್ಣ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. "ಬ್ಯಾಡ ಸಾರ್. ಮಾರೋಳು ತಾನಾಗೇ ಇಷ್ಟು ಹೇಳ್ತಾಳೆ ಅಂದ್ರೆ, ಹೇಳ್ದೆ ಇರೋದು ಇನ್ನೆಷ್ಟೈತೋ!"

ಪೂರ್ವ ದಿಕ್ಕು

ನರ್ಸಮ್ಮ ಯಾರ ಮಾತಿಗೂ ಕಾಯಲಿಲ್ಲ. ರಿಜಿಸ್ಟ್ರೇಷನ್ ಮುಗಿಸಿ, ಬಾಗಿಲು ಬದಲಾಯಿಸಿ, ಗೃಹಪ್ರವೇಶಕ್ಕೆ ಕರೆದರು. ನೆಂಟರೆಲ್ಲ ಸೇರಿದ್ದರು. ಹಾಲು ಉಕ್ಕಿಸುವ ಹೊತ್ತಿಗೆ ಸರಿಯಾಗಿ ಅಣ್ಣ ಎಲ್ಲರೆದುರು ಕೊನೆಯ ಅಸ್ತ್ರ ತೆಗೆದರು.

"ನೋಡಮ್ಮ, ಹಾಲು ಪೂರ್ವಕ್ಕೆ ಉಕ್ಕಬೇಕು. ಬ್ಯಾರೆ ಕಡೆಗೆ ಉಕ್ತೋ, ಈ ಮನೆ ನಿನಗೆ ಆಗಿ ಬರಲ್ಲ ಅಂತ. ಇದನ್ನ ಬಾಡಿಗೆಗೆ ಹಾಕಿ ಇವತ್ತೇ ನಮ್ಮ ಜೊತೆ ಹೊರಡಬೇಕು. ಒಪ್ತೀಯಾ?"

ನೆಂಟರೆಲ್ಲ ತಲೆ ಆಡಿಸಿದರು. ಅತ್ತಿಗೆ ಮಂಡಿ ನೀವಿಕೊಂಡರು.

ನನಗೆ ರಕ್ತ ತಲೆಗೇರಿತು. ಕಲ್ಲಿನ ಗೋಡೆ, ಒಳ್ಳೆ ಪಾಯ, ಕುಡಿಯುವ ನೀರು, ಇಷ್ಟೆಲ್ಲ ಇರುವ ಮನೆಯ ಹಣೆಬರಹವನ್ನು ಒಂದು ಸೇರು ಹಾಲು ಬರೆಯಬೇಕೇ? ಅದೂ ಅಲ್ಲದೆ ಆ ಅಡಿಗೆಮನೆಯ ನೆಲವನ್ನು ನಾನೇ ರಸಮಟ್ಟ ಇಟ್ಟು ನೋಡಿದ್ದೆ. ಒಂದು ನೂಲು ಆಚೆ ಈಚೆ ಇಲ್ಲದ ಸಮ. ಅಂಥ ನೆಲದ ಮೇಲೆ ಹಾಲು ಯಾವ ಕಡೆಗೆ ಬೇಕಾದರೂ ಉಕ್ಕುತ್ತದೆ. "ಒಪ್ಪಬೇಡಿ" ಅಂತ ನಾನು ಬಾಯಿ ತೆಗೆಯುವುದರೊಳಗೆ ನರ್ಸಮ್ಮ, "ಆಯ್ತು ಕಣಣ್ಣ" ಅಂದುಬಿಟ್ಟರು.

ನೆಲದ ಮೇಲೆ ಗ್ಯಾಸ್ ಒಲೆ, ಒಲೆಯ ಮೇಲೆ ಅರಿಶಿನ ಕುಂಕುಮ ಹಚ್ಚಿದ ಪಾತ್ರೆ. ಅಣ್ಣ ಮೊಬೈಲು ನೆಲದ ಮೇಲಿಟ್ಟು ಪೂರ್ವ ಯಾವುದು ಅಂತ ಎಲ್ಲರಿಗೂ ತೋರಿಸಿದರು. ನಾನು ನರ್ಸಮ್ಮನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತೆ. ಹಾಲು ಬಿಸಿಯಾಗುತ್ತಿದ್ದಂತೆ ನನ್ನ ಕಣ್ಣಿಗೆ ಏನೋ ಚುಚ್ಚಿತು. ಪಾತ್ರೆಯೊಳಗೆ ಹಾಲು ಒಂದು ಕಡೆಯ ಅಂಚಿಗೆ ಹತ್ತಿರ, ಇನ್ನೊಂದು ಕಡೆ ದೂರ. ಬಗ್ಗಿ ನೋಡಿದೆ. ಒಲೆಯ ಪಶ್ಚಿಮದ ಕಡೆಯ ಎರಡು ಕಾಲುಗಳ ಕೆಳಗೆ ಹಂಚಿನ ಚೂರು!

ಓರೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಹಾಳಾದ ಅಭ್ಯಾಸ. ಆ ಚೂರು ತೆಗೆಯಲು ಕೈ ಚಾಚಿದೆ. ನರ್ಸಮ್ಮ ನನ್ನ ಮಣಿಕಟ್ಟು ಹಿಡಿದರು, ಇಂಜೆಕ್ಷನ್ನಿಗೆ ಕೊಸರಾಡುವ ಮಕ್ಕಳನ್ನು ಹಿಡಿಯುವ ಹಾಗೆ. ಮುಖದಲ್ಲಿ ನಗು, ಕಣ್ಣು ಹಾಲಿನ ಮೇಲೆ. ತುಟಿ ಅಲ್ಲಾಡಿಸದೆ ಹೇಳಿದರು, "ಕೈ ಮುರೀತೀನಿ ಸಾರ್."

ಹಾಲು ಎದ್ದಿತು, ಉಬ್ಬಿತು, ಪೂರ್ವಕ್ಕೆ ಸುರಿಯಿತು. ಹೆಂಗಸರು ಹೋ ಅಂದರು. ಅಣ್ಣ ಮೊಬೈಲು ಎತ್ತಿ ನೋಡಿ, ಹಾಲು ನೋಡಿ, ಮತ್ತೆ ಮೊಬೈಲು ನೋಡಿ ಕೈಮುಗಿದರು. ಪಾಪ, ಅವರ ಕಣ್ಣು ನಿಜವಾಗಿ ತೇವವಾಗಿತ್ತು. "ದೇವ್ರೇ ಇಲ್ಲಿರು ಅಂತವ್ನೆ, ನಾನ್ಯಾರು ಕರಿಯಕ್ಕೆ? ಇಲ್ಲೇ ಇರು ಕಣಮ್ಮ" ಅಂದರು.

ಅಷ್ಟಕ್ಕೆ ನಿಲ್ಲಿಸಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಊಟಕ್ಕೆ ಕೂತಾಗ ಪಕ್ಕಕ್ಕೆ ಬಂದು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು, "ಸಾರ್, ಈ ಮನೆ ನೆಲ ಪೂರ್ವಕ್ಕೆ ವಾಲೈತೆ ಅಂತ ನೀವು ಮೊದ್ಲೇ ಹೇಳಿದ್ರೆ ನಾನು ತಕರಾರೇ ಮಾಡ್ತಿರಲಿಲ್ಲ. ನಮ್ಮ ಹುಡುಗನಿಗೂ ಇಂಥದೇ ಒಂದು ನೋಡ್ಬುಡಿ. ನೆಲ ಹಿಂಗೇ ಓರೆ ಇರಬೇಕು."

ನಾನು ಎಲೆ ಬಿಟ್ಟು ಎದ್ದೆ. ನಾನು ನೋಡಿದ ಮನೆಗಳಲ್ಲೆಲ್ಲ ಸಮ ಅಂದರೆ ಸಮ ಇರುವ ಒಂದೇ ಒಂದು ನೆಲ! ಅದಕ್ಕೆ ಓರೆ ಅನ್ನುತ್ತಾನೆ! "ಏನ್ರೀ ಅಂದ್ರಿ? ತರ್ತೀನಿ ತಾಳಿ ರಸಮಟ್ಟ" ಅಂತ ಕೂಗಿದೆ.

ನರ್ಸಮ್ಮ ಬಡಿಸುತ್ತಿದ್ದ ಪಾಯಸದ ಸೌಟು ಎತ್ತಿ ಬಾಗಿಲು ತೋರಿಸಿದರು.

"ಸಾರ್, ಜಗಳ ಆಡೋದಾದ್ರೆ ಬೀದಿಗೆ ಹೋಗಿ ಆಡ್ಕಳಿ. ಇದು ನನ್ನ ಮನೆ."