ಸೀರೆಯಂಚಿನ ಮೂರು ಕೆಂಪು ಗೆರೆಗಳು

‘ನನಗೆ ಗೊತ್ತಿಲ್ಲ’ ಎಂದು ಹೇಳುವುದು ಕೆಲವರಿಗೆ ಎಷ್ಟು ಸುಲಭ! ನನಗದು ಇವತ್ತಿಗೂ ಆಗಿಲ್ಲ. ಒಮ್ಮೆ ಜಮಖಂಡಿ ನಿಲ್ದಾಣದಲ್ಲಿ ಲೋಕಾಪುರದ ಬಸ್ಸು ಯಾವುದೆಂದು ಕೇಳಿದ ಅಜ್ಜನನ್ನು, ಬೋರ್ಡು ನೋಡದೆ, ಕೈಹಿಡಿದು ಬೀಳಗಿ ಬಸ್ಸಿಗೆ ಹತ್ತಿಸಿದ್ದೇನೆ. ಅಜ್ಜ ಕೈಮುಗಿದು ಹೋದ. ತಂಗಿ ಶೈಲಾಳಿಗೆ ನಾನು ಮಾಡಿದ್ದು ಅದಕ್ಕಿಂತ ದೊಡ್ಡದು.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟು, ಬನಹಟ್ಟಿಯ ನಮ್ಮ ಮನೆಯ ಮಗ್ಗಕ್ಕೆ ಕುಳಿತವನು. ಅವಳು ಜಮಖಂಡಿಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದುತ್ತಿದ್ದಳು. ಪಾಸಾದರೆ ಮುಧೋಳದಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ಅವಳಿಗಾಗಿ ಕಾದಿತ್ತು. ಕೊನೆಯ ಪರೀಕ್ಷೆಗೆಂದು, ಸೀರೆಯಂಚಿನ ಬಣ್ಣಗಳನ್ನು ಇಟ್ಟುಕೊಂಡು ಕೇಳಿದಾಗ ಹೇಳುವ ಪ್ರೋಗ್ರಾಮ್ ಬರೆಯುತ್ತಿದ್ದಳು.

“ಅಣ್ಣಾ, ಬಣ್ಣ ಇಡಾಕ ಎರಡು ನಮೂನಿ ಅದಾವ. ಲಿಸ್ಟಿನ್ಯಾಗ ಇಟ್ರ ಸಾಲಾಗಿ ಕುಂದರ್ತಾವ, ಒಂದ ಬಣ್ಣ ಮತ್ತ ಮತ್ತ ಬಂದ್ರೂ ನಡೀತೈತಿ. ಸೆಟ್ಟಿನ್ಯಾಗ ಒಂದ ಬಣ್ಣ ಒಂದ ಸಲ, ಹಿಂದ ಮುಂದ ಅನ್ನೂದಿಲ್ಲ. ನೇಯಾಂವ ನೀನು, ನಮ್ಮ ಅಂಚಿಗೆ ಯಾವ್ದು ಹೇಳು?”

ಪಕ್ಕದ ಮನೆಯ ನೇಕಾರ ಗುರಪ್ಪ ಚಹಾಕ್ಕೆ ಬಂದು ಕೂತಿದ್ದ. “ನಿನ್ನ ಕೇಳಾಕತ್ತಾಳಲ್ಲಲೇ! ನಿನಗೇನ್ ತಿಳೀತೈತಿ ಅಂತ?” ಎಂದು ನಕ್ಕ. ಅಷ್ಟು ಸಾಕಾಯಿತು. ಅರ್ಧವಷ್ಟೇ ಕೇಳಿಸಿಕೊಂಡಿದ್ದ ನಾನು ಗದ್ದ ತುರಿಸಿಕೊಂಡು, “ಸೆಟ್ ಇಡವ್ವಾ, ಅದ ಛಲೋ” ಎಂದೆ. ಗುರಪ್ಪ ನಗು ಬಿಟ್ಟು ಚಹಾದ ಕಪ್ಪು ಎತ್ತಿದ. ಆಗ ಆದ ಸುಖ ಹೇಳಿಕೊಳ್ಳಲು ಈಗ ನಾಚಿಕೆ. ನಾನು ದಿನವಿಡೀ ಮಾಡುವುದಾದರೂ ಏನು? ಕೆಂಪು, ಹಳದಿ, ಮತ್ತೆ ಕೆಂಪು, ಹಸಿರು, ಮತ್ತೆ ಕೆಂಪು. ಒಂದು ಗೆರೆ ಜಾಗ ತಪ್ಪಿದರೆ ಸೀರೆ ವಾಪಸ್ಸು.

ಪರೀಕ್ಷೆಯ ದಿನ ಸೀರೆ ಹಿಡಿದುಕೊಂಡು ನಾನೇ ಹೋಗಿದ್ದೆ. ಪರೀಕ್ಷಕರು ಅಂಚು ಹರವಿ, “ಮೂರನೇ ಗೆರಿ ಯಾವ ಬಣ್ಣ? ನಿನ್ನ ಪ್ರೋಗ್ರಾಮಿಗೆ ಕೇಳು” ಎಂದರು. ಅದಕ್ಕೆ ಮೂರನೆಯದೆಂಬುದೇ ಗೊತ್ತಿರಲಿಲ್ಲ. ಹಸಿರು, ಕೆಂಪು, ಹಳದಿ ಎಂದು ತನಗೆ ತೋಚಿದಂತೆ ತೋರಿಸಿ ಸುಮ್ಮನಾಯಿತು.

“ಸೀರ್‍ಯಾಗ ಕೆಂಪು ಮೂರ್ ಅದಾವಲ್ಲ. ಉಳಿದೆರಡು ಎಲ್ಲಿ ಹೋದುವು ತಂಗಿ?”

ಶೈಲಾ ಬಾಗಿಲಲ್ಲಿದ್ದ ನನ್ನತ್ತ ಒಮ್ಮೆ ನೋಡಿದಳು. “ನಂದ ತಪ್ಪರಿ, ಸರ್” ಎಂದಳು. ನಾನು ಕಿಟಕಿ ನೋಡುತ್ತಿದ್ದೆ.

ಮುಧೋಳದ ಕೆಲಸ ಬೇರೆಯವರಿಗೆ ಹೋಯಿತು. ಮರುಪರೀಕ್ಷೆಗೆ ಅವಳು, ನಮ್ಮ ಮಗ್ಗಕ್ಕೆ ನೂಲು ಸುತ್ತುವ ಅವ್ವನ ಪಕ್ಕ ಕೂತು, ಒಂದೊಂದೇ ಗೆರೆ ಕೇಳಿಕೊಂಡು, ಲಿಸ್ಟಿನಲ್ಲಿಟ್ಟು ಪಾಸಾದಳು. ಎರಡು ಮಾರು ದೂರದ ಮಗ್ಗದಲ್ಲಿದ್ದ ನಾನು, ತಪ್ಪೊಪ್ಪಿಕೊಂಡರೂ ಈ ಸದ್ದಿನಲ್ಲಿ ಕೇಳಿಸಲಿಕ್ಕಿಲ್ಲವೆಂದು ನೆಪ ಮಾಡಿಕೊಂಡೆ.

ಅವಳು ಜಗಳವಾಡಲಿಲ್ಲ. ನನ್ನನ್ನು ಏನಾದರೂ ಕೇಳುವುದನ್ನು ಬಿಟ್ಟಳು, ಅಷ್ಟೇ. ಹೋದ ದೀಪಾವಳಿಗೆ ನನಗೊಂದು ಅಂಗಿ ತಂದಳು. ಯಾವ ಬಣ್ಣವೆಂದು ವಿಚಾರಿಸಿದ್ದು ಅವ್ವನನ್ನು. ಬಣ್ಣ, ಅಳತೆ ಎರಡೂ ಸರಿಯಾಗಿವೆ. ತಪ್ಪಿದ್ದರೆ, ನನ್ನನ್ನು ಯಾಕೆ ಕೇಳಲಿಲ್ಲವೆಂದು ಗದರಲಾದರೂ ಬರುತ್ತಿತ್ತು.