ಉಪ್ಪಿನಕಾಯಿಗೆ ಎರಡು ಬೀಗ

ನಮ್ಮ ಮನೆಯಲ್ಲಿ ಮಿಡಿ ಉಪ್ಪಿನಕಾಯಿ ತಿನ್ನಬೇಕಾದರೆ ಇಬ್ಬರು ಬೇಕು. ಒಬ್ಬರಿಂದ ಆಗುವ ಕೆಲಸವಲ್ಲ ಅದು. ಭರಣಿ ಭಾರವೆಂದು ತಿಳಿಯಬೇಡಿ, ಅದನ್ನು ಒಂದು ಕೈಯಲ್ಲಿ ಎತ್ತಬಹುದು. ಆದರೆ ಅದು ಇರುವುದು ಕಬ್ಬಿಣದ ಕಪಾಟಿನೊಳಗೆ, ಕಪಾಟಿಗೆ ಎರಡು ಬೀಗ. ಒಂದರ ಬೀಗದ ಕೈ ನನ್ನ ಸೆರಗಿನ ತುದಿಯಲ್ಲಿ. ಇನ್ನೊಂದರದ್ದು ನನ್ನ ಅಣ್ಣನ ಉಡಿದಾರದಲ್ಲಿ ಇರುತ್ತಿತ್ತು. ಅಣ್ಣ ಕಾರ್ಕಳಕ್ಕೆ ಹೋದ ದಿನ ನಾನು ಗಂಜಿಗೆ ಬರೀ ಉಪ್ಪು ಹಾಕಿಕೊಂಡು ಕುಡಿಯಬೇಕಿತ್ತು. ನಾನು ಉಡುಪಿಗೆ ಹೋದ ದಿನ ಅವನಿಗೂ ಅದೇ ಗತಿ. ಹಿರಿಯಡ್ಕದಲ್ಲಿ ಇಂಥ ಮನೆ ಇನ್ನೊಂದು ಉಂಟೋ? ನನಗೆ ಗೊತ್ತಿರುವಂತೆ ಇಲ್ಲ.

ಅಣ್ಣ ಮದುವೆಯಾಗಲಿಲ್ಲ. ಬೆಂಗಳೂರಿನಲ್ಲಿ ಸರಕಾರದ ಔಷಧ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ. ನಿವೃತ್ತನಾಗಿ ಬಂದು ಹಿರಿಯಡ್ಕದಲ್ಲಿ ಪುಟ್ಟ ಮನೆ ಕಟ್ಟಿಸಿದ. ಆಗ ನನ್ನವರು ತೀರಿಕೊಂಡಿದ್ದರು. ಮಕ್ಕಳಿಲ್ಲದ ನಾನು ಮಟ್ಟುವಿನ ಮನೆಯಲ್ಲಿ ಗುಳ್ಳ ಬದನೆಯ ಗಿಡಗಳ ಜೊತೆ ಮಾತಾಡಿಕೊಂಡು ಇದ್ದೆ. ಒಂದು ದಿನ ರಿಕ್ಷಾ ಮಾಡಿಕೊಂಡು ಬಂದ. "ಒಬ್ಬಳೇ ಇಲ್ಲಿ ಎಂತ ಮಾಡ್ತಿ? ಹೊರಡು" ಎಂದ. ಚಹಾ ಕುಡಿಯುವಷ್ಟೂ ಪುರುಸೊತ್ತು ಕೊಡಲಿಲ್ಲ.

ನಾನು ಬಂದು ಸೇರಿದ ಕೆಲವೇ ದಿನಗಳಲ್ಲಿ ಕಪಾಟೂ ಬಂತು. ಆಸ್ಪತ್ರೆಗಳಲ್ಲಿ ಮಾರ್ಫಿನ್‌ನಂಥ ಮದ್ದನ್ನು ಇಡುವ ಕಪಾಟು ಹೇಗಿರಬೇಕೆಂದು ಅವನೇ ಒಂದು ಕಾಲದಲ್ಲಿ ಬರೆದಿದ್ದನಂತೆ. ಅದೇ ಅಳತೆಯಲ್ಲಿ ವೆಲ್ಡಿಂಗ್ ಅಂಗಡಿಯವನಿಂದ ಒಂದನ್ನು ಮಾಡಿಸಿದ್ದ. ತಂದು ನಿಲ್ಲಿಸಿದ ಮೇಲೆ ಅದರೊಳಗೆ ಇಡಲು ಏನೂ ಇಲ್ಲವೆಂದು ಗೊತ್ತಾಯಿತು. ಕೊನೆಗೆ ಅವನ ಕಣ್ಣು ನನ್ನ ಉಪ್ಪಿನಕಾಯಿ ಭರಣಿಯ ಮೇಲೆ ಬಿತ್ತು. ಅವನಿಗೆ ಬೀಪಿ ಇತ್ತು, ಡಾಕ್ಟರು ಉಪ್ಪಿನಕಾಯಿಯನ್ನು ನಾಲಗೆಗೆ ತಾಗಿಸುವಷ್ಟು ಮಾತ್ರ ಎಂದಿದ್ದರು.

"ತಿನ್ನಬಹುದು, ಆದರೆ ನಿಯಂತ್ರಣ ಬೇಕು. ಇದು ಸರಿಯಾಗಿ ನನ್ನ ಇಲಾಖೆಗೆ ಬರುವ ವಸ್ತು" ಎಂದ.

"ನನ್ನ ಮೇಲೆ ನಂಬಿಕೆ ಇಲ್ವಾ ನಿನಗೆ?" ಎಂದು ಕೇಳಿದೆ.

"ನಿನ್ನ ಮೇಲೆ ಉಂಟು. ನನ್ನ ಮೇಲೆ ಇಲ್ಲ."

ನಾವು ಮನೆಯಲ್ಲಿ ಮಾತಾಡುವುದು ತುಳು. ಅಣ್ಣ ನಿಯಮದ ವಿಷಯ ಬಂದಾಗ ಮಾತ್ರ ಕನ್ನಡಕ್ಕೆ ಹೊರಳುತ್ತಿದ್ದ. ಅದೂ ಅಚ್ಚು ಹಾಕಿದಂಥ ಕನ್ನಡ. ಅವನು ಕನ್ನಡಕ್ಕೆ ಬಂದನೆಂದರೆ ನಾನು ವಾದ ನಿಲ್ಲಿಸುತ್ತಿದ್ದೆ. ಸರಕಾರದ ಜೊತೆ ಯಾರು ಜಗಳ ಮಾಡುತ್ತಾರೆ?

ಅವನ ಕೆಲಸ ಏನಾಗಿತ್ತೆಂದು ಊರಿನವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಡ್ರಗ್ಸ್ ವಿಭಾಗ ಎಂದು ಕೇಳಿದ ಕೂಡಲೇ ಪಿಸ್ತೂಲು ಇಟ್ಟುಕೊಂಡು ಓಡಾಡಿದವನೆಂದು ತಿಳಿದರು. ಕ್ಷೌರದಂಗಡಿಯಲ್ಲಿ ಒಬ್ಬರು, "ನೀವು ಗಾಂಜಾದವರನ್ನು ತುಂಬ ಹಿಡಿದಿರಬೇಕು ಅಲ್ವಾ?" ಎಂದು ಕೇಳಿದರಂತೆ. "ಗಾಂಜಾ ಅಲ್ಲ, ನಾನು ಹಿಂದೆ ಬಿದ್ದದ್ದು ಕೆಮ್ಮಿನ ಸಿರಪ್ಪು" ಎಂದನಂತೆ ಇವನು. ಅಂಗಡಿಯಲ್ಲಿದ್ದವರೆಲ್ಲ ತಮ್ಮ ಪೇಪರಿಗೆ ಹಿಂದಿರುಗಿದರಂತೆ.

ನನಗೆ ಅವನು ಹೇಳಿದ್ದು ಹೀಗೆ. ಕಳ್ಳದಾರಿಯಲ್ಲಿ ಬರುವ ಮಾಲನ್ನು ಪೊಲೀಸರು ನೋಡಿಕೊಳ್ಳುತ್ತಾರೆ. ಆದರೆ ಕೆಲವು ಮದ್ದು ಸರಿಯಾದ ಕಾರ್ಖಾನೆಯಿಂದ, ಸರಿಯಾದ ಚೀಟಿಯೊಂದಿಗೆ, ಸರಿಯಾದ ಆಸ್ಪತ್ರೆಗೆಂದೇ ಹೊರಡುತ್ತದೆ. ನೋವಿಗೆ, ನಿದ್ರೆಗೆ, ಕೆಮ್ಮಿಗೆ. ಆಮೇಲೆ ದಾರಿಯಲ್ಲಿ ಎಲ್ಲಿಯೋ ಬೇರೆ ಕೈಗೆ ಹೋಗುತ್ತದೆ. ಹಾಗೆ ಹೋಗದಂತೆ ಏನು ಮಾಡಬೇಕೆಂದು ಸರಕಾರ ಒಂದು ನೀತಿ ಮಾಡಿತು. ಅದನ್ನು ಬರೆದ ತಂಡಕ್ಕೆ ಇವನು ಮುಖ್ಯಸ್ಥ. "ಇಷ್ಟೇ ಮಾರಾಯ್ತಿ. ಹೊರಟದ್ದು ತಲುಪಿತಾ ಅಂತ ಕೇಳುವುದು. ನನ್ನ ಇಡೀ ಸರ್ವಿಸು ಅದೊಂದೇ ಪ್ರಶ್ನೆ" ಎನ್ನುತ್ತಿದ್ದ.

ಸರ್ವಿಸು ಮುಗಿದರೂ ಪ್ರಶ್ನೆ ಮುಗಿಯಲಿಲ್ಲ. ಅಂಬಲಪಾಡಿಯಲ್ಲಿ ನೆಂಟರ ಮದುವೆ. ನಾನು ಹೆಂಗಸರ ಜೊತೆ ಕುಳಿತು ಮಾತಾಡುತ್ತಿದ್ದೆ. ಅಣ್ಣ ಅಡುಗೆಮನೆಗೂ ಪಂಕ್ತಿಗೂ ನಡುವೆ ಇರುವ ಓಣಿಯಲ್ಲಿ ಕೈಕಟ್ಟಿ ನಿಂತುಬಿಟ್ಟಿದ್ದ. ಹೊರಟ ಹೋಳಿಗೆ ಬುಟ್ಟಿ ಎಲೆಗಳ ಹತ್ತಿರ ಬರುವಾಗ ಹಗುರವಾಗಿದೆಯೆಂದು ಅವನ ಸಂಶಯ. ಅಡುಗೆಯವರು ನನ್ನನ್ನು ಹುಡುಕಿಕೊಂಡು ಬಂದರು.

"ಅಕ್ಕಾ, ನಿಮ್ಮ ಅಣ್ಣನನ್ನು ಒಮ್ಮೆ ಎಲೆಯ ಎದುರು ಕೂರಿಸಿ ಮಾರಾಯ್ರೆ. ಇಲ್ಲದಿದ್ದರೆ ಸೌಟು ಅವರ ಕೈಗೆ ಕೊಟ್ಟು ನಾನು ಮನೆಗೆ ಹೋಗ್ತೇನೆ."

ವಿಚಾರಿಸಿದರೆ ಹೋಳಿಗೆ ಹೋದದ್ದು ಹೌದು. ಹೊರಗೆ ನಿಂತಿದ್ದ ವಾಹನಗಳ ಡ್ರೈವರುಗಳಿಗೆ ಬಡಿಸುವ ಹುಡುಗರು ಎಲೆಯಲ್ಲಿ ಸುತ್ತಿ ಕೊಡುತ್ತಿದ್ದರು. ಅವರನ್ನು ಊಟಕ್ಕೆ ಕರೆಯಲು ಯಾರಿಗೂ ನೆನಪಾಗಿರಲಿಲ್ಲ. ಅಣ್ಣ ಕಟ್ಟಿದ್ದ ಕೈ ಬಿಚ್ಚಿದ. ಆಮೇಲೆ ಪಾಯಸದ ಬಕೆಟು ಹಿಡಿದು ತಾನೇ ಹೊರಗೆ ಹೋದ. ಬಸ್ಸಿನಲ್ಲಿ ಬರುವಾಗ ಹೇಳಿದ, "ನೀತಿ ಬರೆಯುವಾಗ ಇದೇ ತೊಂದರೆ. ಕದ್ದದ್ದು ಯಾವುದು, ದಾರಿ ಇಲ್ಲದವರಿಗೆ ಹೋದದ್ದು ಯಾವುದು ಅಂತ ಓಣಿಯಲ್ಲಿ ನಿಂತವನಿಗೆ ಗೊತ್ತಾಗುವುದಿಲ್ಲ." ತುಳುವಿನಲ್ಲೇ ಹೇಳಿದ. ಆದುದರಿಂದ ಅದು ನಿಯಮವಲ್ಲ, ಅವನ ಮನಸ್ಸು ಎಂದು ತಿಳಿದೆ.

ಕಾಪುವಿನಲ್ಲಿ ನಮ್ಮ ಚಿಕ್ಕಮ್ಮ ಇದ್ದಾರೆ. ಮೊಣಕಾಲಿನ ಆಪರೇಷನ್ ಆದ ಮೇಲೆ ಅವರನ್ನು ನೋಡಲು ಹೋದೆವು. ನಾವು ಕುಳಿತಿದ್ದಾಗಲೇ ಪಕ್ಕದ ಮನೆಯಾಕೆ ಸೊಂಟ ಹಿಡಿದುಕೊಂಡು ಬಂದಳು. ಚಿಕ್ಕಮ್ಮ ಬಿಸ್ಕತ್ತಿನ ಡಬ್ಬಿ ತೆರೆದು ಒಂದು ಮಾತ್ರೆ ಕತ್ತರಿಸಿ ಕೊಟ್ಟರು.

"ಆಪರೇಷನ್ನಿನದ್ದು ಉಳಿದದ್ದು ಮಾರಾಯ. ಒಳ್ಳೆ ಮಾತ್ರೆ. ಈ ಓಣಿಯವರೆಲ್ಲ ನನ್ನ ಹತ್ತಿರವೇ ಬರುವುದು" ಎಂದು ಅಣ್ಣನಿಗೆ ಹೆಮ್ಮೆಯಿಂದ ಹೇಳಿದರು.

ಅಣ್ಣ ಡಬ್ಬಿಯೊಳಗಿನ ಮಾತ್ರೆಯ ಪಟ್ಟಿ ತೆಗೆದು ಹೆಸರು ಓದಿದ. ಅವನ ನೀತಿಯಲ್ಲಿದ್ದ ನೋವಿನ ಮದ್ದೇ ಅದು. "ಚಿಕ್ಕಮ್ಮಾ, ಇಂಥವರನ್ನು ನಾನು ಬೆಂಗಳೂರಿನಲ್ಲಿ ಕುಳಿತು ವರ್ಷಗಟ್ಟಲೆ ಹುಡುಕಿದ್ದೇನೆ. ನೀವು ನಮ್ಮ ಮನೆಯಲ್ಲೇ ಇದ್ದೀರಿ" ಎಂದ. ಚಿಕ್ಕಮ್ಮ ಇದನ್ನು ಪ್ರಶಂಸೆಯೆಂದು ತಿಳಿದು ಅವನ ತಲೆ ಸವರಿದರು. ಡಬ್ಬಿಯನ್ನು ಅವನು ಹೊತ್ತುಕೊಂಡು ಹೊರಟ. ಉಡುಪಿಯ ಒಂದು ಮೆಡಿಕಲ್ ಶಾಪಿನಲ್ಲಿ ಹಿಂದಕ್ಕೆ ತೆಗೆದುಕೊಳ್ಳಿ ಎಂದರೆ, "ಸರ್, ಕೊಡಲಿಕ್ಕೆ ಕೌಂಟರ್ ಉಂಟು, ತಗೊಳ್ಳಲಿಕ್ಕೆ ಇಲ್ಲ" ಎಂದರು. ಅಲ್ಲಿಂದ ಮಣಿಪಾಲದ ಆಸ್ಪತ್ರೆಗೆ. ಅಲ್ಲಿ ಯಾರೋ ತಿಳಿದವರು ಸಿಕ್ಕಿ ತೆಗೆದುಕೊಂಡರು. ಮಾತ್ರೆಗಳನ್ನು ಒಪ್ಪಿಸಿ ಖಾಲಿ ಡಬ್ಬಿಯನ್ನು ಕಾಪುವಿಗೆ ಮುಟ್ಟಿಸಿ ಬಂದ, ಒಳಗೆ ಬಿಸ್ಕತ್ತು ತುಂಬಿಸಿ.

ಇಷ್ಟೆಲ್ಲ ಆದ ಮೇಲೆ ಒಮ್ಮೆ ಕೇಳಿದೆ, ಎರಡು ಬೀಗ ಯಾಕೆ, ಒಂದು ಗಟ್ಟಿ ಬೀಗ ಸಾಲದಾ ಎಂದು. ಅವನು ಒಂದು ಕತೆ ಹೇಳಿದ. ದೂರದ ಯಾವುದೋ ಊರಿನ ಸಣ್ಣ ಆಸ್ಪತ್ರೆಯಲ್ಲಿ ಒಬ್ಬ ಕಂಪೌಂಡರ್. ಒಳ್ಳೆಯವನೆಂದು ಎಲ್ಲರೂ ಹೇಳುತ್ತಿದ್ದರು. ಮಾರ್ಫಿನ್ ಕಪಾಟಿನ ಬೀಗದ ಕೈ ಅವನೊಬ್ಬನ ಬಳಿ. ಹೆಂಡತಿ ತೀರಿಕೊಂಡ ಮೇಲೆ ಅವನು ಆ ಮದ್ದನ್ನು ತಾನೇ ಚುಚ್ಚಿಕೊಳ್ಳಲು ಶುರು ಮಾಡಿದ. ತನಿಖೆಗೆ ಹೋದವನು ಅಣ್ಣ.

"ಅವ ಕಳ್ಳ ಅಲ್ಲ. ದಿನಾ ಆ ಕಪಾಟಿನ ಎದುರು ಅವನನ್ನು ಒಬ್ಬನೇ ನಿಲ್ಲಿಸಿದವರು ನಾವು. ಎರಡನೇ ಬೀಗ ಕಳ್ಳನಿಗೆ ಅಲ್ಲ. ಇನ್ನೊಬ್ಬರು ಪಕ್ಕದಲ್ಲಿ ಬಂದು ನಿಲ್ಲಬೇಕು, ಅದಕ್ಕೆ."

ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಸೇರಿಸಿದ. ಬೀಗದ ಬಗ್ಗೆ ಬರೆದಷ್ಟು ಬೇಗ, ಬೇಕಾದವರಿಗೆ ಮದ್ದು ಸಿಗುವ ಬಾಗಿಲ ಬಗ್ಗೆ ಬರೆಯಲಿಲ್ಲವಂತೆ. ನಿಯಮಕ್ಕೆ ಹೆದರಿ ಎಷ್ಟೋ ಆಸ್ಪತ್ರೆಗಳು ಆ ಮದ್ದನ್ನು ತರಿಸುವುದನ್ನೇ ಬಿಟ್ಟವಂತೆ. ನೋವಿನವರು ನೋವಿನಲ್ಲೇ ಉಳಿದರು. ಅದನ್ನು ಸರಿಮಾಡಲು ಕೊನೆಯ ವರ್ಷಗಳೆಲ್ಲ ಹೋದವು ಎಂದ.

ಅವನಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಗುವಾಗ ತಡವಾಗಿತ್ತು. ಮಣಿಪಾಲದ ಡಾಕ್ಟರು, ವಯಸ್ಸಿನಲ್ಲಿ ಚಿಕ್ಕ ಹೆಂಗಸು, ಇನ್ನು ಮನೆಯಲ್ಲೇ ಇರಲಿ, ನೋವು ಇಲ್ಲದ ಹಾಗೆ ನೋಡಿಕೊಳ್ಳುವ ಎಂದು ಮಾರ್ಫಿನ್ ಮಾತ್ರೆ ಕೊಟ್ಟರು. ಅಣ್ಣ ಮುಟ್ಟಲಿಲ್ಲ.

"ಇದು ಮನೆಯಲ್ಲಿ ಇಡತಕ್ಕ ವಸ್ತುವಲ್ಲ. ನಮ್ಮದು ದಿನವಿಡೀ ಬಾಗಿಲು ತೆರೆದಿರುವ ಮನೆ. ನನ್ನ ಹೆಸರಿನಲ್ಲಿ ಬಂದದ್ದು ಇನ್ನೊಬ್ಬರ ಕೈಗೆ ಹೋಗಬಾರದು" ಎಂದ, ಕನ್ನಡದಲ್ಲಿ. ಕನ್ನಡ ಕೇಳಿದ ಕೂಡಲೇ ನಾನು ಡಾಕ್ಟರಿಗೆ ಫೋನು ಮಾಡಿದೆ. ಡಾಕ್ಟರು ಮನೆಗೆ ಬಂದು ಹೇಳಿದರು. ಅವರಿಗೂ ಅದೇ ಉತ್ತರ.

ನೋವು ಬಂದಾಗ ಅವನು ಮೈ ಒರೆಸುವ ಬೈರಾಸು ಕಚ್ಚಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದ. ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ಗದಗದ ಕಡೆಯ ಗಂಗವ್ವ ಇದ್ದಾಳೆ, ಅವಳ ಗಂಡ ಕಾಂಕ್ರೀಟು ಕೆಲಸಕ್ಕೆ ಹೋಗುತ್ತಾನೆ. ಅವಳು ಪಾತ್ರೆ ತೊಳೆಯುತ್ತಿದ್ದವಳು ಎದ್ದು ಬಂದು ಬಾಗಿಲಲ್ಲಿ ನಿಂತಳು. "ಅಕ್ಕಾರ, ಔಷಧ ಮನ್ಯಾಗ ಇಟ್ಕೊಂಡು ಯಾಕ್ರೀ ಹಿಂಗ?" ಎಂದಳು.

ಮರುದಿನ ಬೆಳಿಗ್ಗೆ ಮಾತ್ರೆ ಮತ್ತು ನೀರಿನ ಲೋಟ ಹಿಡಿದು ಅವನ ಮಂಚದ ಹತ್ತಿರ ಕುಳಿತೆ.

"ಅಣ್ಣಾ, ಹೊರಟದ್ದು ತಲುಪಲಿಲ್ಲ."

"ಎಂತ?"

"ಈ ಮದ್ದು ಹೊರಟದ್ದು ನಿನಗೆ. ಕಾರ್ಖಾನೆಯಿಂದ ಇಲ್ಲಿವರೆಗೆ ಎಲ್ಲಿಯೂ ತಪ್ಪಲಿಲ್ಲ. ಈಗ ನಿನ್ನ ಬಾಯಿಗೆ ಒಂದು ಗೇಣು ಉಂಟು. ಅಲ್ಲಿ ನಿಂತುಬಿಟ್ಟಿದೆ. ತಡೆದವ ನೀನು."

ಅವನು ನನ್ನ ಕೈಯಲ್ಲಿದ್ದ ಮಾತ್ರೆಯನ್ನು ನೋಡಿದ. ಆಮೇಲೆ "ಬೇನೆ ಆಪುಂಡು" ಎಂದ. ತುಳು. ನೋಯುತ್ತಿದೆ ಎಂದು. ಅವನ ಬಾಯಲ್ಲಿ ನಾನು ಆ ಮಾತು ಕೇಳಿದ್ದು ಅದೇ ಮೊದಲು.

ಒಂದೇ ಷರತ್ತು ಹಾಕಿದ. ಮಾತ್ರೆ ಇರಬೇಕಾದದ್ದು ಕಪಾಟಿನಲ್ಲಿ, ತೆರೆಯಬೇಕಾದದ್ದು ಇಬ್ಬರು. ಕಪಾಟನ್ನು ಗಂಗವ್ವನ ಗಂಡ ಬಂದು ಮಂಚದ ಪಕ್ಕಕ್ಕೆ ಎಳೆದುಕೊಟ್ಟ. ಉಪ್ಪಿನಕಾಯಿ ಭರಣಿ ಸ್ವಲ್ಪ ಸರಿದು ಮಾರ್ಫಿನ್‌ಗೆ ಜಾಗ ಬಿಟ್ಟಿತು. ಹೊತ್ತಿಗೆ ಸರಿಯಾಗಿ ನಾನು ನನ್ನ ಬೀಗ ತೆಗೆದು ಕಾಯುತ್ತಿದ್ದೆ. ಅವನು ಮಲಗಿದಲ್ಲಿಂದಲೇ ಉಡಿದಾರ ಎಳೆದು, ತಡಕಾಡಿ ಬೀಗದ ಕೈಯನ್ನು ತನ್ನ ಬೀಗಕ್ಕೆ ತೂರಿಸುತ್ತಿದ್ದ. ನಾನು ಕೈ ಚಾಚಿದರೆ ತಳ್ಳುತ್ತಿದ್ದ. ದಿನ ಹೋದ ಹಾಗೆ ಸೊಂಟ ಸಣ್ಣದಾಗಿ ದಾರ ಸಡಿಲವಾಯಿತು. ಬೀಗದ ಕೈ ಕಪಾಟಿನವರೆಗೆ ಬರುವುದು ಸುಲಭವಾಯಿತು. ಎಂಥ ಸುಲಭ!

ಮಾತ್ರೆ ಅವನಿಗೆ ಬದುಕನ್ನೇನೂ ಕೊಡಲಿಲ್ಲ. ಮಾತಾಡುವ ಮಧ್ಯಾಹ್ನಗಳನ್ನು ಕೊಟ್ಟಿತು. ಒಂದು ಮಧ್ಯಾಹ್ನ ಕಪಾಟು ತೆರೆದಿದ್ದಾಗ ಭರಣಿಯ ಕಡೆ ಕಣ್ಣು ತೋರಿಸಿದ.

"ಬೀಪಿ?" ಎಂದೆ.

"ಈಗ ಅದಕ್ಕೆ ಎಂತ ಮರ್ಯಾದೆ" ಎಂದ. ಬೆರಳಿನಲ್ಲಿ ತುಸು ರಸ ನಾಲಗೆಗೆ ಹಚ್ಚಿದೆ. ಕಣ್ಣು ಮುಚ್ಚಿಕೊಂಡ. "ಉಪ್ಪು ಹೆಚ್ಚಾಗಿದೆ" ಎಂದ.

ಅವನು ಹೋದ ಮೇಲೆ ಸ್ನಾನ ಮಾಡಿಸುವಾಗ ಉಡಿದಾರ ಬಿಚ್ಚಿ ಬೀಗದ ಕೈಯನ್ನು ನನ್ನ ಅಂಗೈಯಲ್ಲಿ ಇಟ್ಟರು. ಕೆಲಸಗಳೆಲ್ಲ ಮುಗಿದ ನಂತರ, ಉಳಿದ ಮಾತ್ರೆಗಳನ್ನು ತೆಗೆದುಕೊಂಡು ಮಣಿಪಾಲಕ್ಕೆ ಹೋದೆ. ಅವನು ಮೊದಲೇ ಹೇಳಿಟ್ಟಿದ್ದ. ಆಸ್ಪತ್ರೆಯ ಔಷಧ ವಿಭಾಗದಲ್ಲಿದ್ದ ಹುಡುಗಿ ತೆಗೆದುಕೊಳ್ಳುವ ಮೊದಲು ಇನ್ನೊಬ್ಬಳನ್ನು ಕೂಗಿ ಕರೆದಳು.

"ಸ್ವಲ್ಪ ಕೂತುಕೊಳ್ಳಿ ಅಮ್ಮ. ಇದನ್ನು ತಗೊಳ್ಳುವಾಗ ಇಬ್ಬರು ಇರಬೇಕು. ನಿಯಮ."

"ಯಾರಮ್ಮಾ ಇಂಥ ನಿಯಮ ಮಾಡಿದ್ದು?" ಎಂದು ಕೇಳಿದೆ.

"ಯಾರಿಗೆ ಗೊತ್ತು. ಯಾರೋ ಬೇರೆ ಕೆಲಸ ಇಲ್ಲದವ ಇರಬೇಕು" ಎಂದು ನಕ್ಕಳು. ನಾನೂ ನಕ್ಕೆ. ನಗುತ್ತಾ ಇದ್ದಾಗಲೇ ಅವಳು ನನಗೆ ಕುಡಿಯಲು ನೀರು ತಂದುಕೊಟ್ಟಳು.

ಮನೆಗೆ ಬಂದ ಮೇಲೆ ಬಹಳ ದಿನ ಕಪಾಟು ಮುಚ್ಚಿಯೇ ಇತ್ತು. ಕಳೆದ ವಾರ ಮಧ್ಯಾಹ್ನ ಗಂಗವ್ವ ಬಿಸಿ ರೊಟ್ಟಿ ಬಟ್ಟೆಯಲ್ಲಿ ಸುತ್ತಿ ತಂದಳು. "ಅಕ್ಕಾರ, ಹಚ್ಕೊಂಡು ತಿನ್ನಾಕ ಏನರ ಐತೇನ್ರೀ?" ಎಂದು ಕೇಳಿದಳು.

ಬೀಗದ ಕೈಗಳನ್ನು ಹಿಡಿದು ಕಪಾಟಿನ ಎದುರು ಹೋಗಿ ನಿಂತೆ. ಎರಡೂ ನನ್ನ ಕೈಯಲ್ಲೇ ಇದ್ದವು. ಅವನು ನೋಡಿದ್ದರೆ ಕನ್ನಡದಲ್ಲಿ ಬೈಯುತ್ತಿದ್ದ. ಗಂಗವ್ವನನ್ನು ಒಳಗೆ ಕರೆದು ಒಂದನ್ನು ಅವಳಿಗೆ ಕೊಟ್ಟೆ. ನಾನು ನನ್ನದನ್ನು ತಿರುಗಿಸಿದೆ, ಅವಳು ಅವನದ್ದನ್ನು ತಿರುಗಿಸಿದಳು. ಊಟ ಆದ ಮೇಲೆ ಅದನ್ನು ಹಿಂದೆ ಕೊಡಲು ಬಂದಳು.

"ಇಟ್ಟುಕೊ. ನೀನು ಬಾರದೆ ನಾನು ತೆರೆಯುವ ಹಾಗಿಲ್ಲ" ಎಂದೆ.

"ಅಯ್ಯ, ಹಂಗಾರ ನಾ ದಿನಾ ಬರಬೇಕಾತಲ್ರೀ?"

"ಹೌದು ಮಾರಾಯ್ತಿ" ಎಂದೆ. "ನಿಯಮ."